ಕಿಟಕಿಯಿಲ್ಲದ ಕೋಣೆಯ ಬಿಸಿಲು

"ನಿನ್ನ ಗುರುವಾರದ ಸ್ವರ ಬಂದು ಗೇಟಿನ ಹತ್ತಿರ ನಿಂತಿದೆ. ಕೈ, ಕಾಲು, ಮೂಗು ಎಲ್ಲ ಸರಿಯಾಗಿ ಉಂಟು," ಎಂದಳು ರಶೀನಾ, ಬಾಗಿಲನ್ನು ಬೆನ್ನಿನಿಂದ ತಡೆದು ನಿಂತುಕೊಂಡು.

ಪ್ರಾಪ್ತಿ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. "ಯಾವ ಸ್ವರ?"

"ಯಾವ ಸ್ವರ ಅಂತೆ. ಫೋನ್ ಇಟ್ಟ ಮೇಲೆ ನೀನು ಭತ್ತದ ಬಿಲ್ಲಿಗೆ ಅಕ್ಕಿಯ ರೇಟು ಹಾಕ್ತೀಯಲ್ಲ, ಆ ಸ್ವರ. ಬಿ.ಸಿ. ರೋಡಿನ ಸೋಲಾರ್ ಕಂಪನಿಯವರು. ಹೆಲ್ಮೆಟ್ ತೆಗೆದಾಗ ಕೂದಲು ಪಾಪ ಒಂದೇ ಕಡೆಗೆ ನಿಂತಿತ್ತು. ನೋಣಯ್ಯಣ್ಣ ಗೇಟಿನಲ್ಲಿ ಹೆಸರು ಬರ್ಕೊಳ್ತಾ ಇದ್ದಾರೆ. ನೀನು ಮೊದಲು ಹುಬ್ಬು ಒರೆಸ್ಕೊ, ತೌಡು ಕೂತಿದೆ."

ಪ್ರಾಪ್ತಿ ಹುಬ್ಬು ಒರೆಸಿಕೊಂಡಳು. ಒರೆಸಿಕೊಂಡದ್ದು ರಶೀನಾಳಿಗೆ ಕಂಡಿತೆಂದು ಗೊತ್ತಾಗಿ, ನೆಗಡಿಯಾದವರ ಹಾಗೆ ಮೂಗನ್ನೂ ಒರೆಸಿಕೊಂಡಳು.

"ಮೂಗಿನಲ್ಲಿ ಏನೂ ಇರ್ಲಿಲ್ಲ ಮಾರಾಯ್ತಿ," ಎಂದು ರಶೀನಾ ಹೊರಟುಹೋದಳು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡು ಟಕ್ಕೆಂದಿತು.

ಗುರುವಾಯನಕೆರೆಯಿಂದ ಮೂಡಬಿದ್ರೆಗೆ ಹೋಗುವ ರಸ್ತೆಯ ಬದಿಯಲ್ಲಿ ಆ ಕುಚ್ಚಲಕ್ಕಿ ಮಿಲ್ಲು. ರಶೀನಾ ಮುಂದಿನ ಆಫೀಸಿನಲ್ಲಿ ಕೂತು ಲಾರಿಗಳ ತೂಕ ನೋಡುತ್ತಿದ್ದಳು. ಪ್ರಾಪ್ತಿ ಹಿಂದಿನ ಕೋಣೆಯಲ್ಲಿ ಕೂತು ಸರ್ವರ್ ನೋಡುತ್ತಿದ್ದಳು. ಹಿಂದಿನ ಕೋಣೆ ಎಂದರೆ ಒಂದು ಕಾಲದಲ್ಲಿ ಬಿತ್ತನೆ ಭತ್ತ ಇಡುತ್ತಿದ್ದ ಜಾಗ. ಮುರಕಲ್ಲಿನ ದಪ್ಪ ಗೋಡೆ, ಇಲಿ ಬರಬಾರದೆಂದು ಕಿಟಕಿಯನ್ನೇ ಇಟ್ಟಿರಲಿಲ್ಲ. ಧನಿಗಳು, ಎಂದರೆ ಮಿಲ್ಲಿನ ಮಾಲಿಕ ಅಜಿತಕುಮಾರರು, ಅದಕ್ಕೆ ಎ.ಸಿ. ಹಾಕಿಸಿ ಸರ್ವರ್ ಇಟ್ಟರು. ಆಮೇಲೆ ಯಾವುದೋ ಪ್ರದರ್ಶನಕ್ಕೆ ಹೋಗಿ ಬಂದು, ಬೆರಳಿಟ್ಟರೆ ಮಾತ್ರ ತೆರೆಯುವ ಬಾಗಿಲನ್ನೂ ಇಟ್ಟರು. ಒಳಗೆ ಬರುವುದಕ್ಕೂ ಬೆರಳು, ಹೊರಗೆ ಹೋಗುವುದಕ್ಕೂ ಬೆರಳು. ಯಾರು ಬಂದರು, ಯಾರು ಹೋದರು ಎಂದು ಸರ್ವರ್ ಬರೆದುಕೊಂಡ ಮೇಲೆಯೇ ಬಾಗಿಲು ಬಿಡುವುದು. ಮೊಬೈಲ್ ಸಿಗ್ನಲ್ಲಿಗೆ ಮಾತ್ರ ಆ ಗೋಡೆಯೊಳಗೆ ಪ್ರವೇಶವೇ ಇರಲಿಲ್ಲ. ಮೇಜಿನ ಮೇಲೆ ಒಂದು ಹಳೆಯ ಲ್ಯಾಂಡ್‌ಲೈನ್ ಇತ್ತು, ಅಷ್ಟೆ.

ಪುತ್ತಿಗೆಯಿಂದ ಬೆಳಗಿನ ಬಸ್ಸು, ಈ ಕೋಣೆ, ಸಂಜೆಯ ಬಸ್ಸು, ಮನೆ. ಧನಿಗಳು ಏನು ಹೇಳಿದರೂ ಪ್ರಾಪ್ತಿ ಆಯ್ತು ಎನ್ನುತ್ತಿದ್ದಳು. ಅಮ್ಮ ಕಮಲಾವತಿ ಗಂಡಿನ ಫೋಟೊ ತೋರಿಸಿದರೆ ಆಯ್ತು, ನೋಡುವ ಎನ್ನುತ್ತಿದ್ದಳು. ಬೇಡ ಎನ್ನಲು ಬೇಕಾದಷ್ಟು ಗಾಳಿ ಎದೆಯೊಳಗೆ ಇಲ್ಲವೇನೋ ಎಂದು ಕೆಲವು ಸಲ ಅವಳಿಗೇ ಅನಿಸುತ್ತಿತ್ತು.

ಸರ್ವರಿಗೆ ಒಂದು ಅಭ್ಯಾಸ. ಆದದ್ದನ್ನೆಲ್ಲ ಅದು ಬರೆದಿಡುತ್ತದೆ. ಯಾವ ಲಾರಿ ತೂಕವಾಯಿತು, ಯಾರ ಬೆರಳಿಗೆ ಬಾಗಿಲು ತೆರೆಯಿತು, ಮಾಡಿನ ಮೇಲಿನ ಸೋಲಾರ್ ಪ್ಯಾನಲ್‌ಗಳಿಗೆ ಎಷ್ಟು ಬಿಸಿಲು ಬಿತ್ತು. ಹಾಗೆ ಬರೆದಿಡುವ ಫೈಲಿಗೆ ಲಾಗ್ ಎನ್ನುತ್ತಾರೆ. ಉಳಿದ ಲಾಗ್‌ಗಳೆಲ್ಲ ಮಿತಭಾಷಿಗಳು. ಸೋಲಾರಿನದ್ದು ಮಾತ್ರ ಮದುವೆ ಮನೆಗೆ ಬಂದ ದೊಡ್ಡತ್ತೆಯ ಹಾಗೆ, ಬಾಯಿ ಮುಚ್ಚುವುದೇ ಇಲ್ಲ. ವಾರ ತುಂಬುವಷ್ಟರಲ್ಲಿ ಊದಿಕೊಂಡು, ಡಿಸ್ಕಿನಲ್ಲಿ ಬೇರೆಯವರಿಗೆ ಕೂರಲು ಜಾಗವಿಲ್ಲದಂತೆ ಮಾಡುತ್ತಿತ್ತು. ಆಗ, ಪ್ರತಿ ಗುರುವಾರ, ಪ್ರಾಪ್ತಿ ಸೋಲಾರ್ ಕಂಪನಿಗೆ ಫೋನ್ ಮಾಡುತ್ತಿದ್ದಳು. ಆ ಕಡೆಯಿಂದ ರಿಷಭ್ ಎತ್ತುತ್ತಿದ್ದ.

"ಖಾಲಿ ಮಾಡಿ ಮೇಡಂ, ಅಳಿಸಬೇಡಿ," ಎನ್ನುತ್ತಿದ್ದ ಪ್ರತಿ ಸಲವೂ. ಒಳಗಿನ ಬರಹ ಮಾತ್ರ ಹೋಗಬೇಕು, ಫೈಲು ಉಳಿಯಬೇಕು. ಬಂಟ್ವಾಳದ ಸ್ವರ. ಶಾಲೆಯಲ್ಲಿ ಪಾಠ ಓದುವವರಂಥ ನಿಧಾನದ ಕನ್ನಡ. ಪ್ರತಿ ವಾಕ್ಯದ ಕೊನೆಗೆ ಒಂದು ಸಣ್ಣ ನಿಲುಗಡೆ, ಅಲ್ಲಿ ಅವನು ನಗುತ್ತಿದ್ದಾನೋ ಎಂಬ ಸಂಶಯ.

ಆ ಲಾಗ್ ಅಷ್ಟು ವಾಚಾಳಿಯಾದದ್ದು ಅವಳಿಂದಲೇ. ಪ್ಯಾನಲ್ ಹಾಕಿದ ಹೊಸತರಲ್ಲಿ ಕಂಪ್ಯೂಟರಿನಲ್ಲಿ ದಿನಕ್ಕೊಂದು ಮೊತ್ತ ಮಾತ್ರ ಕಾಣುತ್ತಿತ್ತು. ಅವಳು ಫೋನ್ ಮಾಡಿ, ಸೆಕೆಂಡು ಸೆಕೆಂಡಿಗೆ ಲೆಕ್ಕ ಕಾಣುವ ಹಾಗೆ ಮಾಡಬಹುದಾ ಎಂದು ಕೇಳಿದ್ದಳು.

"ಯಾಕೆ ಮೇಡಂ?"

"ನನ್ನ ಕೋಣೆಗೆ ಕಿಟಕಿ ಇಲ್ಲ. ನಾನು ಹೊತ್ತು ಮುಳುಗುವ ಮೊದಲು ಊಟ ಮಾಡುವವಳು. ಒಳಗೆ ಕೂತರೆ ಬೆಳಕು ಹೋದದ್ದು ಗೊತ್ತಾಗುವುದಿಲ್ಲ."

"ಗಡಿಯಾರ ಇಲ್ವಾ?"

"ಗಡಿಯಾರದಲ್ಲಿ ಮೋಡ ಕಾಣುವುದಿಲ್ಲ."

ಆ ಕಡೆಯಿಂದ ಕೀಬೋರ್ಡಿನ ಸದ್ದು. ನೋಡನೋಡುತ್ತಿದ್ದಂತೆ ಅವಳ ಪರದೆಯ ಮೇಲಿನ ಅಂಕಿ ಮೀನಿನ ಹಾಗೆ ಮಿಸುಕಾಡತೊಡಗಿತು. ಏರಿತು, ಇಳಿಯಿತು, ಮತ್ತೆ ಏರಿತು. ಹೊರಗೆ ಮೋಡ ಹಾಯುತ್ತಿದ್ದದ್ದು ಅವಳಿಗೆ ಗೋಡೆಯೊಳಗಿಂದ ಕಂಡಿತು.

"ಈಗ ಬಿಸಿಲು ಬಂತಾ ಮೇಡಂ?" ಎಂದು ಕೇಳಿದ್ದ ಅವನು. "ಜೈ ಜಿನೇಂದ್ರ," ಎಂದು ಫೋನ್ ಇಟ್ಟಿದ್ದ. ಅವನೂ ತಮ್ಮ ಹಾಗೆ ಜೈನನೇ ಎಂದು ಅವಳಿಗೆ ಗೊತ್ತಾದದ್ದು ಹಾಗೆ.

*

ಈಗ ಆ ಸ್ವರ ಧನಿಗಳ ಹಿಂದೆ, ಲ್ಯಾಪ್‌ಟಾಪ್ ಚೀಲವನ್ನು ಎದೆಗೊತ್ತಿಕೊಂಡು ನಿಂತಿತ್ತು. ಎತ್ತರ ಅವಳು ಅಂದುಕೊಂಡಷ್ಟಿಲ್ಲ. ಕಣ್ಣು ಅಂದುಕೊಂಡದ್ದಕ್ಕಿಂತ ದೊಡ್ಡದು. ವಾಕ್ಯದ ಕೊನೆಯ ಆ ನಿಲುಗಡೆಯಲ್ಲಿ ಅವನು ನಿಜವಾಗಿಯೂ ನಗುತ್ತಿದ್ದ, ಎಡಗೆನ್ನೆಯಲ್ಲಿ ಮಾತ್ರ.

"ನೋಡಿ, ವಾರ ವಾರ ಫೋನು, ವಾರ ವಾರ ಖಾಲಿ ಮಾಡುವುದು, ಇದೆಂತ ಕ್ರಮ?" ಎಂದರು ಧನಿಗಳು. "ಇವತ್ತು ಒಂದು ಪರ್ಮನೆಂಟ್ ಮಾಡಿ ಹೋಗಿ. ಬರುವ ತಿಂಗಳಿಂದ ನಿಮ್ಮ ಕಂಪನಿಯ ಕಾಂಟ್ರಾಕ್ಟ್ ನಾವು ಮುಂದುವರಿಸುವುದಿಲ್ಲ. ಪ್ರಾಪ್ತಿ, ಗೊತ್ತಾಯ್ತಲ್ಲ? ಇವತ್ತಿಗೆ ಮುಗಿಸಿಬಿಡು."

"ಆಯ್ತು," ಎಂದಳು ಪ್ರಾಪ್ತಿ.

ಧನಿಗಳು ಸೊಂಟದ ಬೀಗದ ಕೈಗೊಂಚಲು ಸರಿಮಾಡಿಕೊಂಡು ಬೆಳ್ತಂಗಡಿಯ ಬ್ಯಾಂಕಿಗೆ ಹೋದರು. ಬಾಗಿಲು ಟಕ್ಕೆಂದಿತು. ಗೋಡೆಯಾಚೆ ಮಿಲ್ಲಿನ ಯಂತ್ರಗಳು ಒಂದೇ ಸಮನೆ ಕುಟ್ಟುತ್ತಿದ್ದವು. ಬೇಯಿಸಿದ ಭತ್ತದ ವಾಸನೆ ಎ.ಸಿ.ಯ ತಂಪಿನೊಳಗೂ ಇತ್ತು.

ಇವತ್ತಿಗೆ ಮುಗಿಸಿಬಿಡು. ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ಮೀನನ್ನೇ ತಿನ್ನದವಳ ಗಂಟಲಲ್ಲಿ.

"ಇದೇನಾ ಆ ಫೋನು?" ರಿಷಭ್ ಲ್ಯಾಂಡ್‌ಲೈನನ್ನು ನೋಡುತ್ತಿದ್ದ.

"ಇದೇ."

"ವಯರೆಲ್ಲ ಗಂಟು ಗಂಟಾಗಿದೆಯಲ್ಲ."

"ಮಾತಾಡುವಾಗ ಬೆರಳಿಗೆ ಸುತ್ತುವ ಅಭ್ಯಾಸ."

ಅವನ ಕಣ್ಣು ವಯರಿನ ಗಂಟುಗಳ ಮೇಲೆ ನಿಧಾನವಾಗಿ ಹರಿದು, ಅವಳ ಬೆರಳಿಗೆ ಬಂದು, ಅಲ್ಲಿಂದ ಗಡಿಬಿಡಿಯಲ್ಲಿ ಗೋಡೆಗೆ ಹೋಯಿತು. ಗೋಡೆಯಲ್ಲಿ ನೋಡಲು ಏನೂ ಇರಲಿಲ್ಲ.

ಒಂದೇ ಕುರ್ಚಿ ಇತ್ತು. ಅವಳು ಕೂತಳು, ಅವನು ಪಕ್ಕದಲ್ಲಿ ನಿಂತ. ಅಷ್ಟು ದಿನ ಕಿವಿಯೊಳಗೆ ಮಾತ್ರ ಇದ್ದ ಸ್ವರ ಈಗ ಭುಜದ ಮೇಲಿನಿಂದ, ಉಸಿರಿನ ಸಮೇತ ಬರುತ್ತಿತ್ತು.

"ಸೆಕೆಂಡಿನ ಲೆಕ್ಕ ನಿಲ್ಲಿಸಿ ಬಾ ಅಂತ ನಮ್ಮ ಕಂಪನಿಯವರು ಹೇಳಿ ಕಳಿಸಿದ್ದು. ನಾನು ಬಂದದ್ದು ಬೇರೆ ಮಾಡ್ಲಿಕ್ಕೆ. ಲಾಗ್ ಒಂದು ಅಳತೆಗೆ ಬಂದ ಕೂಡಲೇ ತಾನಾಗಿಯೇ ಹೊಸತು ಶುರು ಮಾಡಿ, ಹಳತನ್ನು ಎಸೆಯುವ ಹಾಗೆ ಕಟ್ಟಿಡುವ. ಆಗ ಡಿಸ್ಕೂ ತುಂಬುವುದಿಲ್ಲ, ನಿಮ್ಮ ಬಿಸಿಲೂ ಹೋಗುವುದಿಲ್ಲ."

"ಹಾಗೆ ಮಾಡಿದ್ರೆ ಮತ್ತೆ ಫೋನ್ ಮಾಡ್ಲಿಕ್ಕೆ ಇಲ್ಲ ಅಲ್ವಾ?"

"ಇಲ್ಲ."

"ಒಳ್ಳೇದಾಯ್ತು," ಎಂದಳು ಅವಳು, ಪರದೆ ನೋಡುತ್ತ.

"ಹೌದು," ಎಂದ ಅವನು, ಅವನೂ ಪರದೆ ನೋಡುತ್ತ. "ಡಿಸ್ಕಿನಲ್ಲಿ ಕೂದಲೆಳೆಯಷ್ಟೂ ಜಾಗ ಉಳಿದಿಲ್ಲ ಈಗ. ಮೊದಲು ಲಾಗನ್ನು ನೀವು ಯಾವಾಗಿನ ಹಾಗೆ..."

ಹೇಳುತ್ತ ಅವನು ಬಗ್ಗಿದ. ಅಂಗಿಯ ತೋಳು ಅವಳ ಭುಜಕ್ಕೆ ಸೋಂಕಿತೋ ಇಲ್ಲವೋ ಎನ್ನುವಷ್ಟು ಸೋಂಕಿತು. ಅವಳ ಬೆರಳುಗಳು ತಮ್ಮಷ್ಟಕ್ಕೆ ಏನೋ ಬರೆದು ಎಂಟರ್ ಒತ್ತಿದವು.

ಪರದೆಯ ಮೇಲಿನ ಪಟ್ಟಿಯಿಂದ ಫೈಲಿನ ಹೆಸರು ಮಾಯವಾಯಿತು.

"ಮೇಡಂ," ಎಂದ ಅವನು ಮೆಲ್ಲಗೆ. "ಅಳಿಸಿದಿರಾ?"

ವಾರ ವಾರ ಕೇಳಿದ ಪಾಠ. ಖಾಲಿ ಮಾಡಿ, ಅಳಿಸಬೇಡಿ. ಅವಳ ಕಿವಿ ಬಿಸಿಯಾಯಿತು. "ಹೋದರೆ ಹೋಯ್ತಲ್ಲ, ಜಾಗ ಆಗ್ತದೆ."

"ಆಗುವುದಿಲ್ಲ. ಅಂಕಿ ನೋಡಿ."

ಡಿಸ್ಕು ಮೊದಲಿನಂತೆಯೇ ತುಂಬಿತ್ತು. ಅವಳಿಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. "ಚಾ ಹೇಳಿ ಬರ್ತೇನೆ," ಎಂದು ಬಾಗಿಲಿಗೆ ಹೋಗಿ ಬೆರಳಿಟ್ಟಳು. ಕೆಂಪು ದೀಪ. ಬೆರಳು ಒರೆಸಿ ಇಟ್ಟಳು. ಕೆಂಪು. ಬೇರೆ ಬೆರಳು. ಕೆಂಪು. ಸರ್ವರ್ ಅವಳ ಹೆಸರನ್ನು ಬರೆದುಕೊಂಡು ಬಾಗಿಲು ಬಿಡಬೇಕು. ಬರೆಯಲು ಜಾಗವೇ ಇರಲಿಲ್ಲ.

ಲ್ಯಾಂಡ್‌ಲೈನಿನಲ್ಲಿ ರಶೀನಾ ಸಿಕ್ಕಿದಳು.

"ಬಾಗಿಲು ತೆರೆಯುವುದಿಲ್ಲ."

"ಯಾರಿಗೆ?"

"ಯಾರಿಗೂ. ನಾವು ಒಳಗೆ ಸಿಕ್ಕಿಬಿದ್ದಿದ್ದೇವೆ."

"ನಾವು ಅಂದರೆ ನೀನು ಮತ್ತೆ ಸ್ವರ."

"ರಶೀನಾ, ತಮಾಷೆ ಬೇಡ. ಬೀಗದ ಕೈ?"

"ಧನಿಗಳ ಸೊಂಟದಲ್ಲಿ. ಅವರು ಬೆಳ್ತಂಗಡಿಯಲ್ಲಿ. ಬ್ಯಾಂಕಿನೊಳಗೆ ಅವರು ಫೋನ್ ಎತ್ತುವುದಿಲ್ಲ, ಗೊತ್ತುಂಟಲ್ಲ ನಿನಗೆ. ಇಲ್ಲಿ ತೂಕದ ಚೀಟಿ ಬರ್ತಾ ಇಲ್ಲ ಅಂತ ಲಾರಿಯವರು ನನ್ನ ತಲೆ ತಿಂತಿದ್ದಾರೆ. ನೀನು ಹೆದರ್ಬೇಡ. ನೋಣಯ್ಯಣ್ಣನನ್ನು ಬಾಗಿಲಲ್ಲಿ ಕೂರಿಸ್ತೇನೆ, ಯಾರೂ ಬಂದು ಏನೂ ಹೇಳದ ಹಾಗೆ."

ಏನೂ ಹೇಳದ ಹಾಗೆ. ರಶೀನಾ ಸಮಾಧಾನಕ್ಕೆಂದೇ ಹೇಳಿದ ಮಾತು. ಅದರಿಂದಲೇ ಪ್ರಾಪ್ತಿಗೆ ಹೇಳಬಹುದಾದದ್ದೆಲ್ಲ ಕೇಳಿಸತೊಡಗಿತು. ಚಾದ ಅಂಗಡಿಯಲ್ಲಿ, ಮೂಡಬಿದ್ರೆಯ ಬಸ್ಸಿನ ಮುಂದಿನ ಸೀಟುಗಳಲ್ಲಿ, ಪುತ್ತಿಗೆಯ ಅಕ್ಕಪಕ್ಕದ ಅಂಗಳಗಳಲ್ಲಿ. ಗೋಡೆಗಳು ಒಂದು ಹೆಜ್ಜೆ ಹತ್ತಿರ ಬಂದಂತಾಯಿತು. ಇದ್ದಕ್ಕಿದ್ದಂತೆ ಎ.ಸಿ.ಯ ಗಾಳಿ ಸಾಲದೆ ಹೋಯಿತು. ಅವಳು ಬಾಗಿಲಿಗೆ ಅಂಗೈ ಒತ್ತಿ ನಿಂತಳು.

"ದಾನೆ ಮಲ್ಪುನಿ ಇತ್ತೆ," ಎಂದಳು. ಈಗೇನು ಮಾಡುವುದು ಎಂಬ ಆ ಮಾತು ಹೆದರಿಕೆಯಲ್ಲಿ ತುಳುವಿನಲ್ಲೇ ಹೊರಬಿದ್ದಿತ್ತು.

ಅವನೂ ತುಳುವಿನಲ್ಲೇ ಉತ್ತರಿಸಿದ. ಮೊದಲು ಅವಳಿಂದ ದೂರ ಹೋದ. ಕೋಣೆಯ ಆಚೆ ಮೂಲೆಯಲ್ಲಿ ಬ್ಯಾಟರಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತ. ಲ್ಯಾಪ್‌ಟಾಪ್ ಚೀಲವನ್ನು ಗಡಿಕಲ್ಲಿನಂತೆ ಎದುರಿಗಿಟ್ಟುಕೊಂಡ.

"ನಾನು ಇಲ್ಲಿಂದ ಏಳುವುದಿಲ್ಲ. ನೀವು ಹೇಳಿದರೆ ಮಾತ್ರ. ಉಸಿರು ನಿಧಾನ ಬಿಡಿ."

ಇಷ್ಟು ಕಾಲ ಮೇಡಂ, ಸರ್ ಎಂದು ಆಫೀಸಿನ ಕನ್ನಡದಲ್ಲಿ ಮಾತಾಡಿದವರು ಅಲ್ಲಿಂದ ಮುಂದೆ ಮನೆಯ ಭಾಷೆಗೆ ಇಳಿದುಬಿಟ್ಟರು. ತುಳುವಿನಲ್ಲಿ ಅವನ ಸ್ವರಕ್ಕೆ ನಿಲುಗಡೆಗಳಿರಲಿಲ್ಲ. ಅದು ಅಂಗಳದಲ್ಲಿ ನಿಂತು ಕರೆಯುವವರ ಸ್ವರದಂತಿತ್ತು.

"ನೀವು ಯಾಕೆ ನೆಲದಲ್ಲಿ ಕೂತದ್ದು?" ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ಕುರ್ಚಿ ಒಂದೇ ಉಂಟು. ಅದರಲ್ಲಿ ಈ ಮಿಲ್ಲಿನ ಸರ್ವರ್ ಅಡ್ಮಿನ್ ಕೂರ್ತಾರೆ. ಕೋಪ ಬಂದರೆ ಫೈಲು ಅಳಿಸ್ತಾರೆ."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಉಸಿರೂ ಬಂತು.

*

ಅವನು ಕೂತಲ್ಲಿಂದಲೇ ಹೇಳುತ್ತ ಹೋದ, ಅವಳು ಮಾಡುತ್ತ ಹೋದಳು, ಫೋನಿನಲ್ಲಿ ಮಾಡುತ್ತಿದ್ದ ಹಾಗೆಯೇ. ಫೈಲಿನ ಹೆಸರು ಮಾತ್ರ ಹೋಗಿತ್ತು. ಸೋಲಾರಿನ ಪ್ರೋಗ್ರಾಂ ಅದನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡಿತ್ತು. ಅದು ಕೈ ಬಿಡುವವರೆಗೆ ಡಿಸ್ಕಿನಲ್ಲಿ ಜಾಗ ಬಿಡುಗಡೆಯಾಗದು. ಪ್ರೋಗ್ರಾಮಿನ ಕೈಯಲ್ಲಿರುವಾಗಲೇ ಅದನ್ನು ಖಾಲಿ ಮಾಡುವ ದಾರಿಯನ್ನು ಕಂಪನಿಯವರು ಪಾಸ್‌ವರ್ಡ್ ಹಾಕಿ ಮುಚ್ಚಿದ್ದರು. ಉಳಿದದ್ದು ಒಂದೇ: ಪ್ರೋಗ್ರಾಮನ್ನೇ ನಿಲ್ಲಿಸುವುದು.

"ಅಷ್ಟೇ ತಾನೆ. ನಿಲ್ಲಿಸುವ. ಬಾಗಿಲು ತೆರೀತದೆ," ಎಂದಳು ಅವಳು.

ಅವನು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ.

"ಎಂತ?"

"ನಿಲ್ಲಿಸಿದರೆ ಅದು ಹೊಸ ವರ್ಷನ್ ಆಗಿ ಏಳ್ತದೆ. ಕಂಪನಿಯವರು ಹೋದ ವಾರವೇ ಹಾಕಿಟ್ಟಿದ್ದಾರೆ, ಇಷ್ಟು ದಿನ ನಿಲ್ಲಿಸದೆ ಇದ್ದದ್ದರಿಂದ ಹಳತೇ ಓಡ್ತಾ ಇತ್ತು. ಹೊಸತರಲ್ಲಿ ದಿನಕ್ಕೊಂದೇ ಮೊತ್ತ. ಸೆಕೆಂಡಿನ ಲೆಕ್ಕ ಇಲ್ಲ. ನಾನು ಹೇಳಿದರೂ ಇಲ್ಲ."

ಪರದೆಯ ಮೂಲೆಯಲ್ಲಿ ಅಂಕಿ ಮಿಸುಕಾಡುತ್ತಿತ್ತು. ಮಧ್ಯಾಹ್ನದ ಜೋರು ಇಳಿದಿತ್ತು. ಪಡುವಣದ ಪ್ಯಾನಲ್‌ಗಳಲ್ಲಿ ಮಾತ್ರ ಬಿಸಿಲು ಉಳಿದ ಹೊತ್ತು. ಮೂಡಣದವು ಒಂದೊಂದೇ ಮಂಕಾಗುತ್ತಿದ್ದವು. ಅವಳಿಗೆ ಆ ಮಾಡು ನೋಡದೆಯೇ ಗೊತ್ತಿತ್ತು.

ಬಾಗಿಲು ತೆರೆಯಬೇಕಾದರೆ ಈ ಬಿಸಿಲು ಹೋಗಬೇಕು. ಬಿಸಿಲು ಬೇಕಾದರೆ ಬಾಗಿಲು ಮುಚ್ಚಿಯೇ ಇರಬೇಕು.

"ನನ್ನಿಂದಲೇ ಆದದ್ದು,"  ಎಂದಳು. "ನಾನು ಅಳಿಸದಿದ್ದರೆ ನೀವು ಸರಿಮಾಡಿ ಕೊಡ್ತಿದ್ದಿರಿ."

"ನಾನು ಬಗ್ಗದಿದ್ದರೆ ನೀವು ಅಳಿಸ್ತಿರ್ಲಿಲ್ಲ."

ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಕೋಣೆ ಚಿಕ್ಕದು. ಬೇರೆ ಬೇರೆ ಕಡೆ ನೋಡಿದರೂ ಕಣ್ಣು ತಿರುಗಿ ಅಲ್ಲಿಗೇ ಬರುತ್ತಿತ್ತು.

"ಮೊದಲು ಊಟ ಮಾಡ್ತೇನೆ," ಎಂದಳು ಪ್ರಾಪ್ತಿ. "ಬೆಳಕು ಇಳೀತಾ ಉಂಟು. ಆಮೇಲೆ ನೋಡುವ." ಬುತ್ತಿ ತೆಗೆದಳು. ನೀರುದೋಸೆ, ತೆಂಗಿನಕಾಯಿ ಬೆಲ್ಲ. ಕೆಲಸ ತಡವಾಗುವ ದಿನಗಳಿಗೆಂದು ಅಮ್ಮ ಕಟ್ಟಿಕೊಡುತ್ತಿದ್ದದ್ದು. "ಕೆಲಸದಲ್ಲಿ ಸಿಕ್ಕಿಬಿದ್ದ ದಿನ ಬಿಡು, ದೋಷ ಇಲ್ಲ ಅಂತಾರೆ ಅಮ್ಮ. ನಾನು ಬಿಡುವುದಿಲ್ಲ. ಬೇರೆ ಎಲ್ಲದಕ್ಕೂ ನಾನು ಆಯ್ತು ಅನ್ನುವುದು. ಇದೊಂದು ಮಾತ್ರ ನನ್ನದು. ನಿಮಗೆ ನಗು ಬರಬಹುದು, ನೀವು ರಾತ್ರಿ ತಿನ್ನುವವರು."

"ತಿನ್ನುತ್ತೇನೆ. ಬಿ.ಸಿ. ರೋಡಿನಲ್ಲಿ ಕೆಲಸ ಮುಗಿಯುವಾಗ ಹೊತ್ತು ಮುಳುಗಿ ಯಾವ ಕಾಲ. ಗೋಬಿ ಮಂಚೂರಿಯ ಗಾಡಿಯವನಿಗೆ ನನ್ನ ಹೆಸರು ಗೊತ್ತುಂಟು." ಅವನು ಚೀಲದ ಜಿಪ್ಪನ್ನು ತೆರೆದು ಮುಚ್ಚಿದ. "ಗುರುವಾರ ಮಾತ್ರ ರಾತ್ರಿ ತಿನ್ನುವುದಿಲ್ಲ."

"ಗುರುವಾರ ಎಂತ?"

ಜಿಪ್ಪು ಮತ್ತೊಮ್ಮೆ ತೆರೆದು ಮುಚ್ಚಿತು.

"ಗುರುವಾರ ನಿಮ್ಮ ಫೋನು," ಎಂದ ಕೊನೆಗೆ. "ನೀವು ಫೋನ್ ಇಡುವಾಗ ಹೇಳ್ತಿದ್ದಿರಿ, ಬೆಳಕು ಇಳೀತು, ನಾನು ಊಟ ಮಾಡ್ತೇನೆ ಅಂತ. ಅಲ್ಲಿ ನೀವು ತಿನ್ನುವಾಗ ಇಲ್ಲಿ ನಾನೂ ತಿನ್ನುವ ಅಂತ ಒಂದು ದಿನ ಅನಿಸಿತು. ಆಮೇಲೆ ಅದೇ ಕ್ರಮ ಆಯ್ತು. ವ್ರತ ಏನೂ ಅಲ್ಲ. ಜೊತೆಗೆ ಕೂತ ಹಾಗೆ."

ಪ್ರಾಪ್ತಿಯ ಕೈಯಲ್ಲಿ ದೋಸೆ ಹಾಗೆಯೇ ನಿಂತಿತು. ಇಷ್ಟು ಗುರುವಾರಗಳಲ್ಲಿ ತಾನು ಒಬ್ಬಳೇ ಉಂಡೆ ಎಂದುಕೊಂಡಿದ್ದಳು, ಈ ನಾಲ್ಕು ಗೋಡೆಗಳ ನಡುವೆ.

"ಇವತ್ತು ಗುರುವಾರ," ಎಂದಳು.

"ಹೌದು."

"ಈಗ ತಿನ್ನದಿದ್ದರೆ ಬೆಳಿಗ್ಗೆಯವರೆಗೆ ಉಪವಾಸ."

"ಅಭ್ಯಾಸ ಉಂಟು."

"ಬನ್ನಿ, ಮೂಲೆಯಿಂದ ಎದ್ದು. ನಾನೇ ಹೇಳ್ತಾ ಇದ್ದೇನಲ್ಲ."

ಅವನು ಬಂದು ಮೇಜಿನ ಈಚೆ ನಿಂತ. ಅವಳು ಬುತ್ತಿಯ ಮುಚ್ಚಳಕ್ಕೆ ದೋಸೆ ಹಾಕಿ ಕೊಟ್ಟಳು. ಮಿಲ್ಲು ಕುಟ್ಟುತ್ತಲೇ ಇತ್ತು. ಅಂಕಿ ಇಳಿಯುತ್ತಲೇ ಇತ್ತು. ಅವನು ಬೆಲ್ಲವನ್ನು ದೋಸೆಯೊಳಗೆ ಮಡಚಿ ಚಿಕ್ಕವರ ಹಾಗೆ ತಿನ್ನುವುದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ಓರೆಗಣ್ಣಿನಲ್ಲಿ ನೋಡುವುದನ್ನು ಅವನು ನೇರವಾಗಿಯೇ ನೋಡಿದ.

"ಇನ್ನೊಂದು ಹೇಳ್ಬೇಕು," ಎಂದ. "ಲಾಗ್ ತಾನಾಗಿ ಕತ್ತರಿಸಿಕೊಳ್ಳುವ ಏರ್ಪಾಡು ಉಂಟಲ್ಲ, ಅದು ಮೊದಲ ವಾರವೇ ಮಾಡಬಹುದಿತ್ತು. ನಾಲ್ಕು ಸಾಲಿನ ಕೆಲಸ. ನಾನು ಮಾಡ್ಲಿಲ್ಲ."

"ಗೊತ್ತುಂಟು."

"ಎಂತ ಗೊತ್ತುಂಟು?"

"ಹೋದ ಮಳೆಗಾಲದಲ್ಲಿ ಓದಿ ಕಲ್ತೆ. ಒಮ್ಮೆ ಬರೆದೂ ಇಟ್ಟಿದ್ದೆ. ಮತ್ತೆ ತೆಗೆದುಹಾಕಿದೆ." ಅವಳ ಸ್ವರ ಅವಳಿಗೇ ಕೇಳಿಸದಷ್ಟು ಸಣ್ಣದಾಯಿತು. "ತುಂಬದಿದ್ದರೆ ಯಾರಿಗೆ ಫೋನ್ ಮಾಡುವುದು?"

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರವಲ್ಲ, ಇಡೀ ಮುಖದಲ್ಲಿ. ಆ ನಗುವನ್ನು ಅವಳು ಯಾವ ಫೋನಿನಲ್ಲೂ ಕೇಳಿರಲಿಲ್ಲ.

ಲ್ಯಾಂಡ್‌ಲೈನ್ ಬಡಿದುಕೊಂಡಿತು. ರಶೀನಾ.

"ಬದುಕಿದ್ದೀರಾ? ಧನಿಗಳು ಈಗ ಎತ್ತಿದರು. ಹೊರಟಿದ್ದಾರೆ. ಲಾರಿಯವರು ನನ್ನನ್ನು ತೂಕಕ್ಕೆ ಇಡುವುದೊಂದು ಬಾಕಿ. ಇನ್ನೂ ಎಷ್ಟು ಹೊತ್ತು ಮಾರಾಯ್ತಿ?"

"ಈಗ ಆಯ್ತು," ಎಂದು ಪ್ರಾಪ್ತಿ ಫೋನ್ ಇಟ್ಟಳು.

ಧನಿಗಳು ಬಂದು ಬೀಗ ತೆಗೆಯುವವರೆಗೆ ಕಾದರೆ ಬಾಗಿಲು ಹೇಗೂ ತೆರೆಯುತ್ತದೆ. ಆದರೆ ತುಂಬಿದ ಡಿಸ್ಕು ಹಾಗೆಯೇ ಇರುತ್ತದೆ, ತೂಕದ ಚೀಟಿ ಬರುವುದಿಲ್ಲ, ಧನಿಗಳು ನಿಲ್ಲಿಸು ಎನ್ನುತ್ತಾರೆ, ತಾನು ಆಯ್ತು ಎನ್ನುತ್ತೇನೆ. ಯಾವಾಗಿನ ಹಾಗೆ. ಅವಳು ಕೀಬೋರ್ಡಿನ ಹತ್ತಿರ ಕೈ ತಂದಳು.

"ನಾನು ಮಾಡುವುದಿಲ್ಲ ಅದನ್ನು," ಎಂದ ರಿಷಭ್. "ನಿಮ್ಮ ಬಿಸಿಲು ನಾನೇ ಕೊಟ್ಟದ್ದು. ನನ್ನ ಕೈಯಿಂದ ತೆಗೆಯುವುದು ಬೇಡ."

"ನೀವಲ್ಲ, ನಾನು." ಅವಳು ಅಂಕಿಯನ್ನು ನೋಡಿದಳು. "ಇದು ಬಿಸಿಲಲ್ಲ ರಿಷಭ್. ಬಿಸಿಲಿನ ಲೆಕ್ಕ. ಹೊರಗೆ ಕೂರಲಿಕ್ಕೆ ಕೇಳುವ ಧೈರ್ಯ ಇಲ್ಲದೆ ಇದನ್ನು ಕೇಳಿದ್ದು ನಾನು. ನಿಮ್ಮನ್ನು ನೋಡ್ಬೇಕು ಅನ್ನುವ ಧೈರ್ಯ ಇಲ್ಲದೆ ಫೋನ್ ಮಾಡಿದ ಹಾಗೆ."

ಸರ್ ಎನ್ನದೆ ಹೆಸರು ಹಿಡಿದದ್ದು ಅದೇ ಮೊದಲು. ಅವನು ಮುಚ್ಚಳವನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟ.

"ಪುತ್ತಿಗೆಗೆ ಬಂದು ಅಪ್ಪನ ಹತ್ತಿರ ಮಾತಾಡ್ತೀರಾ?" ಎಂದಳು.

"ನಾಳೆ ಬರ್ತೇನೆ."

"ನಾಳೆ ಬೇಡ. ನಾನು ಮೊದಲು ಹೇಳ್ಬೇಕು. ಭಾನುವಾರ."

"ಭಾನುವಾರದವರೆಗೆ ನಾನು ಎಂತ ಮಾಡುವುದು?"

"ಗೋಬಿ ಮಂಚೂರಿ ತಿನ್ನಿ."

ಅವಳು ಎಂಟರ್ ಒತ್ತಿದಳು. ಅಂಕಿ ಒಮ್ಮೆ ನಡುಗಿ ನಿಂತಿತು. ಆ ಜಾಗದಲ್ಲಿ ಒಂದು ಸಣ್ಣ ಗೆರೆ ಮಾತ್ರ ಉಳಿಯಿತು. ಡಿಸ್ಕು ದೊಡ್ಡ ನಿಟ್ಟುಸಿರು ಬಿಟ್ಟಂತೆ ಖಾಲಿಯಾಯಿತು. ಅವಳು ಬಾಗಿಲಿಗೆ ಹೋಗಿ ಬೆರಳಿಟ್ಟಳು. ಹಸಿರು.

*

ಹೊರಗೆ ನಿಜವಾದ ಬಿಸಿಲು ಇನ್ನೂ ಇತ್ತು. ಸ್ವಲ್ಪವೇ. ಭತ್ತ ಒಣಗಿಸುವ ಅಂಗಳದ ಮೇಲೆ ಅಡ್ಡಡ್ಡ ಬಿದ್ದು, ಹಾರುವ ತೌಡಿನ ಕಣಕಣವನ್ನೂ ಬೆಳಗಿಸುತ್ತಿತ್ತು. ಪ್ರಾಪ್ತಿ ಕಣ್ಣು ಕಿರಿದು ಮಾಡಿಕೊಂಡು ಮೆಟ್ಟಿಲಲ್ಲೇ ನಿಂತಳು. ಬಾಗಿಲಲ್ಲಿ ಕಾವಲು ಕೂತಿದ್ದ ನೋಣಯ್ಯ ಎದ್ದು ದಾರಿ ಬಿಟ್ಟ. ರಶೀನಾ ಆಫೀಸಿನ ಕಿಟಕಿಯಿಂದ ಇಬ್ಬರನ್ನೂ ಅಳೆದು, ಏನೂ ಕಾಣದವಳಂತೆ ಲಾರಿಯ ತೂಕಕ್ಕೆ ತಿರುಗಿದಳು.

ಧನಿಗಳ ಕಾರು ಗೇಟಿನೊಳಗೆ ಬಂತು. ಅವರು ಬೀಗದ ಕೈ ಹಿಡಿದುಕೊಂಡೇ ಇಳಿದರು.

"ಎಂತ ಆದದ್ದು?"

"ನನ್ನ ತಪ್ಪು. ಖಾಲಿ ಮಾಡುವ ಬದಲು ಅಳಿಸಿದೆ. ಈಗ ಸರಿಯಾಯ್ತು, ಚೀಟಿ ಬರ್ತಾ ಉಂಟು." ಅವಳು ಉಸಿರು ತೆಗೆದುಕೊಂಡಳು. "ಧನಿಗಳೇ, ನಾನು ಇನ್ನು ಆ ಕೋಣೆಯಲ್ಲಿ ಕೂರುವುದಿಲ್ಲ. ಸರ್ವರ್ ಅಲ್ಲೇ ಇರಲಿ, ಅದಕ್ಕೆ ಬಿಸಿಲು ಬೇಡ. ನನ್ನ ಮೇಜು ರಶೀನಾಳ ಪಕ್ಕ ಹಾಕಿಸಿ."

ಅಜಿತಕುಮಾರರು ಅವಳನ್ನು ಹೊಸಬರನ್ನು ನೋಡುವಂತೆ ನೋಡಿದರು. "ಅಲ್ಲಿ ತೌಡು ಕೂರ್ತದಲ್ಲ?"

"ಕೂರಲಿ."

"ಹಾಕಿಸುವ," ಎಂದರು ಅವರು. ಆಮೇಲೆ ಅವಳ ಹಿಂದೆ ಚೀಲ ಹಿಡಿದು ನಿಂತಿದ್ದವನ ಕಡೆ ಗಲ್ಲ ಎತ್ತಿದರು. "ಕೆಲಸ ಮುಗಿಯಿತಲ್ಲ. ಇವರನ್ನು ಇನ್ನು ಕರೆಯುವ ಅಗತ್ಯ ಇಲ್ಲ ಅಂತ ಆಯ್ತು."

"ಮಿಲ್ಲಿಗೆ ಇಲ್ಲ ಧನಿಗಳೇ," ಎಂದಳು ಪ್ರಾಪ್ತಿ. "ನನಗೆ ಉಂಟು."

ವೇಬ್ರಿಡ್ಜಿನ ಮೇಲಿನ ಲಾರಿ ನಿಂತಲ್ಲೇ ಗುರುಗುಟ್ಟುತ್ತಿತ್ತು. ಧನಿಗಳು ಬೀಗದ ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ನೋಣಯ್ಯ ಯಾರ ಮುಖವನ್ನೂ ನೋಡದೆ ಗೇಟಿನ ಕಡೆಗೆ ನಡೆದು, ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಬಿಸಿಲು ಉಳಿದಿದ್ದ ಜಾಗಕ್ಕೆ ಎಳೆದ. ಆಫೀಸಿನೊಳಗಿಂದ ಇನ್ನೊಂದನ್ನು ತಂದು ಅದರ ಪಕ್ಕ ಇಟ್ಟು, ಹೆಗಲ ಮೇಲಿನ ಬೈರಾಸಿನಿಂದ ಎರಡನ್ನೂ ಒರೆಸಿದ.